ಪದ ಬೇಕು: ಗ್ರಾಫಿಕ್ಸ್ ಕಾರ್ಡಿನ ‘ಥಿಯರೆಟಿಕಲ್ ಪರ್ಫಾರ್ಮೆನ್ಸ್’, ಶುಕ್ರವಾರದೊಳಗೆ

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ನಮ್ಮ ಅಣ್ಣನದು ಕಂಪ್ಯೂಟರ್ ಬಿಡಿಭಾಗಗಳ ಅಂಗಡಿ. ಬಳಸಿದ ಗ್ರಾಫಿಕ್ಸ್ ಕಾರ್ಡ್ (ಪರದೆಯ ಮೇಲೆ ಚಿತ್ರ, ಆಟ ಮೂಡಿಸುವ ಬಿಡಿಭಾಗ) ಕೇಳಿಕೊಂಡು ಬರುವ ಕಾಲೇಜು ಹುಡುಗರಿಗಾಗಿ ಗೋಡೆಯ ಮೇಲೆ ಒಂದು ಹೋಲಿಕೆಯ ಪಟ್ಟಿ ಹಾಕಿಸುತ್ತಿದ್ದೇವೆ. ಒಂದು ಕಡೆ 2016ರ ಜಿಫೋರ್ಸ್ ಜಿಟಿಎಕ್ಸ್ 1060, 6 ಜಿಬಿ. ಇನ್ನೊಂದು ಕಡೆ 2017ರ ರೇಡಿಯಾನ್ ಆರ್‌ಎಕ್ಸ್ 580, 8 ಜಿಬಿ. ಹೊರಗಿನ ನಾಮಫಲಕದಲ್ಲಿ ಶೇಕಡ 60ರಷ್ಟು ಕನ್ನಡ ಇರಬೇಕೆಂಬ ನಿಯಮವಿದೆ. ಒಳಗಿನ ಗೋಡೆಗೆ ಅಂಥದ್ದೇನೂ ಇಲ್ಲ. ಆದರೂ ಪಟ್ಟಿ ಕನ್ನಡದಲ್ಲೇ ಇರಬೇಕೆಂಬುದು ಅಣ್ಣನ ಹಟ, ನನ್ನದೂ.

ಮೆಮೊರಿ, ವಿದ್ಯುತ್, ಬೆಲೆ, ಇವಕ್ಕೆ ತೊಂದರೆಯಿಲ್ಲ. ಎರಡು ಸಾಲುಗಳಲ್ಲಿ ಸಿಕ್ಕಿಕೊಂಡಿದ್ದೇನೆ. ಒಂದು ಥಿಯರೆಟಿಕಲ್ ಪರ್ಫಾರ್ಮೆನ್ಸ್, ಅಂದರೆ ಕಾರ್ಡು ಸೆಕೆಂಡಿಗೆ ಎಷ್ಟು ಲೆಕ್ಕ ಮಾಡಬಲ್ಲದು ಎಂಬ ಅಂಕಿ: 1060ಕ್ಕೆ 4.37 ಟೆರಾಫ್ಲಾಪ್ಸ್, 580ಕ್ಕೆ 6.17. ಇನ್ನೊಂದು ಮೆಮೊರಿ ಬಸ್, ಅಂದರೆ ಚಿಪ್ಪಿಗೂ ಮೆಮೊರಿಗೂ ನಡುವೆ ಮಾಹಿತಿ ಓಡಾಡುವ ದಾರಿಯ ಅಗಲ: 192 ಬಿಟ್, 256 ಬಿಟ್. ‘ಸೈದ್ಧಾಂತಿಕ ಸಾಮರ್ಥ್ಯ’ ಎಂದು ಬರೆದು ತೋರಿಸಿದೆ. ‘ಸಾಮರ್ಥ್ಯ ಎಂದರೆ ಎಷ್ಟು ಜಿಬಿ ಎಂದಲ್ಲವೇ?’ ಎಂದು ಒಬ್ಬ ಹುಡುಗ ಕೇಳಿದ. ಅವನು ಕೇಳಿದ್ದು ಸರಿಯಾಗಿಯೇ ಇದೆ. ಶುಕ್ರವಾರ ಬೆಳಗ್ಗೆ ಮುದ್ರಣಕ್ಕೆ ಕೊಡಬೇಕು. ದಯವಿಟ್ಟು ನೆರವಾಗಿ.

ಮರು:

‘ಸೈದ್ಧಾಂತಿಕ ಕಾರ್ಯಕ್ಷಮತೆ’. ಸಾಮರ್ಥ್ಯ ಬೇರೆ, ಕ್ಷಮತೆ ಬೇರೆ. ಬಸ್ಸಿಗೆ ‘ದತ್ತವಾಹಿನಿ’. ಚರ್ಚೆಗೆ ಇನ್ನೇನೂ ಉಳಿದಿಲ್ಲ.

ಮರು:

ಉಳಿದಿದೆ, ಮೇಷ್ಟ್ರೇ. ಆ 6.17 ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. 580ರಲ್ಲಿ ಲೆಕ್ಕ ಮಾಡುವ ಘಟಕಗಳು 2304. ಕಂಪನಿ ಘೋಷಿಸಿದ ಬೂಸ್ಟ್ ವೇಗ (ಕೆಲಸ ಹೆಚ್ಚಿದಾಗ ಏರುವ ವೇಗ) 1340 ಮೆಗಾಹರ್ಟ್ಸ್, ಅಂದರೆ ಸೆಕೆಂಡಿಗೆ 134 ಕೋಟಿ ಹೆಜ್ಜೆ. ಗುಣಿಸಿ ಕೂಡುವ ಕೆಲಸವನ್ನು ಒಂದೇ ಹೆಜ್ಜೆಯಲ್ಲಿ ಮುಗಿಸುವುದರಿಂದ ಅದನ್ನು ಎರಡು ಲೆಕ್ಕವೆಂದು ಹಿಡಿಯುತ್ತಾರೆ. ಮೂರನ್ನೂ ಗುಣಿಸಿದರೆ ಆಯಿತು. 1060ಕ್ಕೂ ಹಾಗೆಯೇ: 1280 ಘಟಕ, ಎರಡು, 1708 ಮೆಗಾಹರ್ಟ್ಸ್. ಇದರಲ್ಲಿ ಸಿದ್ಧಾಂತ ಎಲ್ಲಿದೆ? ಐದನೆಯ ತರಗತಿಯ ಗುಣಾಕಾರವಿದೆ. ‘ಸೈದ್ಧಾಂತಿಕ ಭಿನ್ನಾಭಿಪ್ರಾಯ’ ಎಂದು ರಾಜಕೀಯ ಪುಟದಲ್ಲಿ ದಿನವೂ ಓದುವವನು ಆ ಪದವನ್ನು ಗೋಡೆಯ ಮೇಲೆ ಕಂಡರೆ ಏನೆಂದು ತಿಳಿಯಬೇಕು?

ಅದು ಲೆಕ್ಕದಿಂದ ಬಂದದ್ದು, ಆದ್ದರಿಂದ ‘ಲೆಕ್ಕದ ವೇಗ’. ಸೆಕೆಂಡಿಗೆ ಎಷ್ಟು ಎಂಬುದೇ ಇಲ್ಲಿನ ಪ್ರಶ್ನೆಯಾದ್ದರಿಂದ ಸಾಮರ್ಥ್ಯವೂ ಬೇಡ, ಕ್ಷಮತೆಯೂ ಬೇಡ. ಟೆರಾ ಎಂದರೆ ನಮ್ಮ ಲಕ್ಷ ಕೋಟಿಯೇ. ‘ಸೆಕೆಂಡಿಗೆ 6.17 ಲಕ್ಷ ಕೋಟಿ ಲೆಕ್ಕ’ ಎಂದು ಬರೆಯಿರಿ. ಬಜೆಟ್ ಸುದ್ದಿ ಓದುವ ಯಾವ ಕನ್ನಡಿಗನಿಗೂ ಅರ್ಥವಾಗುತ್ತದೆ.

ಕಾಗದದ ಮೇಲೆ 580 ಶೇಕಡ 40ರಷ್ಟು ಮುಂದಿದೆ. ಆಟ ಆಡಿಸಿ ನೋಡಿದರೆ ಎರಡೂ ಹೆಚ್ಚುಕಡಿಮೆ ಜೊತೆಜೊತೆಗೇ ಓಡುತ್ತವೆ. ಪರದೆಗೆ ಚುಕ್ಕಿಗಳನ್ನು ಬರೆದು ಮುಗಿಸುವ ಘಟಕಗಳು 1060ರಲ್ಲಿ 48, 580ರಲ್ಲಿ 32 ಮಾತ್ರ. ಅವನ್ನು ವೇಗದಿಂದ ಗುಣಿಸಿದರೆ, ಆ ಒಂದು ಗುಣಾಕಾರದಲ್ಲಿ ಚಿಕ್ಕದೆನಿಸಿಕೊಂಡ ಕಾರ್ಡೇ ಗೆಲ್ಲುತ್ತದೆ. ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎನ್ನುತ್ತೇವಲ್ಲ, ಈ ಹೆಚ್ಚುವರಿ 40 ಲೆಕ್ಕಕ್ಕುಂಟು, ಆಟಕ್ಕಿಲ್ಲ. ಹುಡುಗ ದುಡ್ಡು ಕೊಡುವ ಮೊದಲು ಇದು ಅವನಿಗೆ ಗೊತ್ತಾಗಬೇಕು. ಪದವೇ ಅದನ್ನು ಹೇಳಬೇಕು.

ಮರು:

ಸೂರ್ಯಸಿದ್ಧಾಂತದ ಹೆಸರು ಕೇಳಿದ್ದೀರಾ? ಗ್ರಹಗತಿಯನ್ನು ಗುಣಿಸಿ ಭಾಗಿಸಿ ತೆಗೆಯುವ ಗ್ರಂಥ. ಗಣಿತದಿಂದ ಸಾಧಿಸಿದ ಕೊನೆಯೇ ಸಿದ್ಧಾಂತ. ರಾಜಕೀಯದವರು ಪದವನ್ನು ಕೆಡಿಸಿದರೆಂದು ನಾವು ಅದನ್ನು ಬಿಟ್ಟುಕೊಡಬೇಕೇ? ಇನ್ನು ನಿಮ್ಮ ‘ಲೆಕ್ಕ’ ಸಂಸ್ಕೃತದ ‘ಲೇಖ್ಯ’ದ ತದ್ಭವ. ಮನೆಯ ಮಗಳೆಂದು ಮೆರೆಸುವ ಮುನ್ನ ತವರು ವಿಚಾರಿಸಿ.

ಮರು:

ಹಾಗಿದ್ದರೆ ಎರಡೂ ಬೇಡ. ‘ಎಣಿಕೆಯ ಬಿರುಸು’ ಎನ್ನಿ. ‘ಎಣಿಕೆ’ ಅಚ್ಚಗನ್ನಡ. ಅದಕ್ಕೆ ಎಣಿಸುವುದು ಎಂಬ ಅರ್ಥವೂ ಇದೆ, ನಿರೀಕ್ಷೆ ಎಂಬ ಅರ್ಥವೂ ಇದೆ. ‘ನನ್ನ ಎಣಿಕೆ ತಪ್ಪಿತು’ ಎನ್ನುವುದಿಲ್ಲವೇ? ಈ ಕಾರ್ಡುಗಳ ಅಂಕಿ ಇರುವುದು ನಿಖರವಾಗಿ ಆ ಎರಡು ಅರ್ಥಗಳ ನಡುವೆ. ಎರವಲು ಪದವನ್ನು ಬಿಟ್ಟು ಬಾಯಿ ತೆರೆಯಲಾರೆವು ಎಂಬ ಅಂಜಿಕೆಯಿಂದ ಕನ್ನಡ ಸೊರಗಿದೆ.

ಮರು:

‘ಎಣಿಕೆ’ಯ ಬಗ್ಗೆ ಹೇಳಿದ್ದು ಚೆನ್ನಾಗಿದೆ, ಒಪ್ಪುತ್ತೇನೆ. ‘ಬಿರುಸು’ ಒಪ್ಪುವುದಿಲ್ಲ. ಮಳೆ ಬಿರುಸು, ಗಾಳಿ ಬಿರುಸು, ಪ್ರಚಾರ ಬಿರುಸು. ಅಳೆದು ದಶಾಂಶ ಹಾಕುವ ವಸ್ತುವಲ್ಲ ಅದು. ತದ್ಭವದ ಬಗ್ಗೆ ಮೇಷ್ಟ್ರಿಗೆ ಒಂದೇ ಮಾತು: ಸೊಸೆಯಾಗಿ ಬಂದವಳು ಇಷ್ಟು ಶತಮಾನ ಸಂಸಾರ ನಡೆಸಿದ ಮೇಲೆ ತವರು ಕೇಳುವುದು ಮರ್ಯಾದೆಯಲ್ಲ.

ಬಸ್ಸಿಗೆ ಬರುತ್ತೇನೆ. ‘ಓಮ್ನಿಬಸ್’ ಲ್ಯಾಟಿನ್ ಪದ, ‘ಎಲ್ಲರಿಗೂ’ ಎಂದು ಅರ್ಥ. ಅದರ ಬಾಲದ ‘ಬಸ್’ ಬರಿಯ ಚತುರ್ಥಿ ವಿಭಕ್ತಿಯ ತುಂಡು. ನಮ್ಮ ‘ಎಲ್ಲರಿಗೂ’ ಪದದಿಂದ ‘ರಿಗೂ’ ಕಿತ್ತು ‘ರಿಗೂ ಬಂತು, ಹತ್ತಿ’ ಎಂದಂತೆ! ಇಂಗ್ಲಿಷರು ಆ ತುಂಡನ್ನೇ ನಾಮಪದ ಮಾಡಿಕೊಂಡರು, ನಾವು ಅದಕ್ಕೆ ಸಕಾರವನ್ನು ಇಮ್ಮಡಿಸಿ ‘ಬಸ್ಸಿಗೆ, ಬಸ್ಸಿನಲ್ಲಿ’ ಎಂದು ಮತ್ತೆ ನಮ್ಮ ವಿಭಕ್ತಿ ಹಚ್ಚಿದೆವು. ವಿಭಕ್ತಿಯ ಮೇಲೆ ವಿಭಕ್ತಿ ಬಿದ್ದರೂ ಮೆಜೆಸ್ಟಿಕ್‌ನಲ್ಲಿ ಒಬ್ಬರಿಗೂ ತೊಡಕಾಗಲಿಲ್ಲ. ಎರವಲು ಜೀರ್ಣವಾಗುವುದು ಹೀಗೆ. ‘ದತ್ತವಾಹಿನಿ’ಯನ್ನು ಯಾರೂ ನುಂಗುವುದಿಲ್ಲ.

ಮರು:

ದತ್ತವಾಹಿನಿಯನ್ನು ಬಳಸದೆಯೇ ನುಂಗುವುದಿಲ್ಲವೆಂದು ತೀರ್ಪು ಕೊಡುವುದು ಉಡಾಫೆ. ‘ಗರಿಷ್ಠ ವೇಗ’ ಎಂದಾದರೂ ಹಾಕಿಸಿ. ಶುದ್ಧವಾಗಿರುತ್ತದೆ.

ಮರು:

ಮೊದಲ ಪತ್ರ ಬರೆದವನು ನಾನು. ಎಲ್ಲರ ಮಾತನ್ನೂ ಅಂಗಡಿಯಲ್ಲಿ ಅಣ್ಣನಿಗೆ ಓದಿ ಹೇಳಿದೆ.

‘ಗರಿಷ್ಠ’ ಆಗದು ಎಂದ ಅಣ್ಣ. 1060ಕ್ಕೆ ಒಳ್ಳೆಯ ಫ್ಯಾನ್ ಇದ್ದರೆ ಅದು 1708ನ್ನು ದಾಟಿಯೇ ಓಡುತ್ತದೆ. ಗರಿಷ್ಠವೆಂದು ಬರೆದು ಅದಕ್ಕಿಂತ ಹೆಚ್ಚು ಅಂಕಿ ಪರದೆಯ ಮೇಲೆ ಬಂದರೆ ನಾವು ಸುಳ್ಳು ಬರೆದಂತಾಗುತ್ತದೆ. ‘ಎಣಿಕೆ’ ನನಗೆ ಬಹಳ ಹಿಡಿಸಿತು. ಆದರೆ ಅದೇ ಹುಡುಗನಿಗೆ ತೋರಿಸಿದಾಗ ‘ಮತ ಎಣಿಕೆಯೇ?’ ಎಂದ. ‘ಲೆಕ್ಕದ ವೇಗ’ ಎಂದು ತೋರಿಸಿದೆ. ಅವನು ಸ್ವಲ್ಪ ಹೊತ್ತು ನೋಡಿ, ‘ಹಾಗಾದರೆ ಆಟದ ವೇಗ ಎಷ್ಟು?’ ಎಂದು ಕೇಳಿದ. ಅವನು ಕೇಳಬೇಕಾದ ಪ್ರಶ್ನೆ ಅದೇ. ಅದನ್ನು ಆ ಪದವೇ ಅವನ ಬಾಯಿಗೆ ತಂದಿತು.

ಹೀಗೆ ಅಚ್ಚಾಗಲಿದೆ: ‘ಲೆಕ್ಕದ ವೇಗ (ಸೆಕೆಂಡಿಗೆ): 4.37 ಲಕ್ಷ ಕೋಟಿ / 6.17 ಲಕ್ಷ ಕೋಟಿ’. ಅದರ ಕೆಳಗೆ ‘ಆಟದ ವೇಗ’ ಎಂಬ ಸಾಲನ್ನು ಖಾಲಿ ಬಿಡಿಸುತ್ತಿದ್ದೇನೆ. ಎರಡೂ ಕಾರ್ಡುಗಳನ್ನು ಒಂದೇ ಯಂತ್ರದಲ್ಲಿ ಓಡಿಸಿ, ಬಂದ ಅಂಕಿಗಳನ್ನು ಅಣ್ಣ ಕೈಯಿಂದಲೇ ಬರೆಯುತ್ತಾನೆ. ಬಸ್ ಬಸ್ಸಾಗಿಯೇ ಇರಲಿ ಎಂದು ಇಬ್ಬರೂ ತೀರ್ಮಾನಿಸಿದ್ದೇವೆ. ಅದಕ್ಕಿಂತ ಒಳ್ಳೆಯದು ಯಾರಿಗಾದರೂ ಹೊಳೆದರೆ ಇವತ್ತು ರಾತ್ರಿ ಒಂಬತ್ತರೊಳಗೆ ಬರೆಯಿರಿ, ಬದಲಾಯಿಸುತ್ತೇನೆ.