ಚಳಿಗಾಲದ ಬೆಳಗ್ಗೆ ಎಂ.ಎಲ್. ರೈಫಲ್ ಗುರಿ ಯಾಕೆ ತಪ್ಪುತ್ತೆ?

ಗಂಗಾವತಿ ಭತ್ತದವ

ಎಲ್ಲರಿಗೂ ನಮಸ್ಕಾರ. ನಮ್ಮ ಅಜ್ಜನ ಕಾಲದ ಒಂಟಿ ನಳಿಕೆ ಬಂದೂಕು ಈಗ ನನ್ನ ಹೆಸರಿಗೆ ಆಗಿದೆ. ಎಂ.ಎಲ್. ಅಂದರೆ ಮಜಲ್ ಲೋಡರ್, ನಳಿಕೆಯ ಬಾಯಿಂದ ಮದ್ದು ಹಾಕಿ, ಗುಂಡು ಜಡಿದು, ಹಿಂದೆ ಕೇಪು (ಬಡಿದರೆ ಕಿಡಿ ಹಾರೋ ಪುಟ್ಟ ಟೋಪಿ) ಇಟ್ಟು ಹೊಡೆಯೋ ಅಂಥದ್ದು. ಟಾರ್ಚ್ ಬಿಟ್ಟು ನೋಡಿದರೆ ನಳಿಕೆ ಒಳಗೆ ಸುರುಳಿ ಗೀರು ಚೆನ್ನಾಗಿ ಕಾಣುತ್ತವೆ, ಅಂದರೆ ರೈಫಲ್ಲೇ ಅಲ್ವಾ? ಬೇಟೆ ಗೀಟೆ ನನಗೆ ಬೇಡ. 50 ಮೀಟರಿಗೆ ಕಾಗದದ ಗುರಿ ಕಟ್ಟಿ ನಿಧಾನಕ್ಕೆ ಹೊಡೆಯೋದು ಅಂದರೆ ಬಹಳ ಇಷ್ಟ. ನಾನು ಸದಸ್ಯ ಆಗಿರೋ ಕ್ಲಬ್ಬಿನ ರೇಂಜಿನಲ್ಲಿ ಬೆಳಗ್ಗೆ ಹೊತ್ತು ಬಿಡುತ್ತಾರೆ.

ಸಮಸ್ಯೆ ಏನಂದರೆ, ಮಳೆಗಾಲದಲ್ಲಿ ಗುಂಡುಗಳೆಲ್ಲ ಒಂದು ಅಂಗೈ ಅಗಲದಲ್ಲಿ ಬೀಳುತ್ತಿದ್ದವು. ಡಿಸೆಂಬರ್ ಬಂದ ಮೇಲೆ ಎಲ್ಲ ಕೆಟ್ಟಿದೆ. ಮೊದಲನೇ ಗುಂಡು ಎಲ್ಲೋ ಹೋಗುತ್ತೆ, ಎರಡು ಮೂರು ಸರಿ ಬೀಳುತ್ತವೆ, ಆಮೇಲೆ ಗುಂಡು ಒಳಗೆ ಇಳಿಯೋದೇ ಇಲ್ಲ, ಜಡಿಯೋ ಸರಳನ್ನು ಎರಡೂ ಕೈಯಲ್ಲಿ ಒತ್ತಬೇಕು. ಗುಂಡಿಗೆ ಸುತ್ತೋ ಬಟ್ಟೆಗೆ ಕೊಬ್ಬರಿ ಎಣ್ಣೆ ಹಚ್ಚುತ್ತೇನೆ, ಮೊದಲಿಂದಲೂ ಅದೇ. ಗೆಳೆಯನೊಬ್ಬ ಥಂಡಿಗೆ ಗಾಳಿ ದಪ್ಪ ಆಗಿರುತ್ತೆ, ಸ್ವಲ್ಪ ಮದ್ದು ಜಾಸ್ತಿ ಹಾಕು ಅಂತಾನೆ. ಹಾಕಬಹುದಾ? ತಿಳಿದವರು ಹೇಳಿ.

ಬಳ್ಳಾರಿ ಬಿಸಿಲು

ಮದ್ದು ಮಾತ್ರ ಜಾಸ್ತಿ ಮಾಡಬೇಡಿ. 35 ಡಿಗ್ರಿ ಬಿಸಿಲಿಗೂ 15 ಡಿಗ್ರಿ ಚಳಿಗೂ ಗಾಳಿಯ ಸಾಂದ್ರತೆಯಲ್ಲಿ ಇರೋ ವ್ಯತ್ಯಾಸ ಶೇಕಡಾ 7ರಷ್ಟು. 50 ಮೀಟರಿನಲ್ಲಿ ಅದು ಗುಂಡನ್ನು ಎಲ್ಲೋ ಒಯ್ಯೋದಿಲ್ಲ. ನಿಮ್ಮ ತೊಂದರೆ ಇರೋದು ಗಾಳಿಯಲ್ಲಿ ಅಲ್ಲ, ನಳಿಕೆಯಲ್ಲಿ.

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತೆ. ಡಿಸೆಂಬರಿನಲ್ಲಿ ಬಚ್ಚಲಮನೆಯ ಬಾಟಲಿ ನೋಡಿರ್ತೀರಿ, ಬೆರಳು ಹಾಕಿದರೂ ಬರೋದಿಲ್ಲ. ಅದೇ ಎಣ್ಣೆ ಬಟ್ಟೆಯ ಮೇಲೆ ಬಿಳಿ ಪದರವಾಗಿ ನಿಂತುಬಿಡುತ್ತೆ. ಒಂದು ಕಡೆ ದಪ್ಪ, ಒಂದು ಕಡೆ ಏನೂ ಇಲ್ಲ. ಒಂದೊಂದು ಗುಂಡು ಒಂದೊಂದು ರೀತಿ ಹೋಗೋದು ಅದಕ್ಕೇ. ಜೊತೆಗೆ ಕರಿಮದ್ದು ಉರಿದಾಗ ಅರ್ಧಕ್ಕಿಂತ ಜಾಸ್ತಿ ಭಾಗ ಹೊಗೆಯಾಗಿ ಹೋಗೋದಿಲ್ಲ, ಘನ ಮಸಿಯಾಗಿ ಉಳಿಯುತ್ತೆ. ಮಳೆಗಾಲದ ತೇವಕ್ಕೆ ಆ ಮಸಿ ಮೆತ್ತಗಿರುತ್ತೆ, ಮುಂದಿನ ಗುಂಡು ಅದನ್ನು ಒರೆಸಿಕೊಂಡೇ ಇಳಿಯುತ್ತೆ. ನಮ್ಮ ಕಡೆ ಚಳಿಗಾಲದ ಗಾಳಿ ಒಣ. ಮಸಿ ಗಟ್ಟಿಯಾಗಿ ಗೀರಿನಲ್ಲಿ ಕೂರುತ್ತೆ.

ಔಡಲ ಎಣ್ಣೆಗೆ ಬದಲಾಯಿಸಿ. ನಮ್ಮ ಚಳಿಗೆ ಅದು ಗಟ್ಟಿಯಾಗೋದಿಲ್ಲ. ಬೇಕಿದ್ದರೆ ಸ್ವಲ್ಪ ಜೇನುಮೇಣ ಕರಗಿಸಿ ಸೇರಿಸಿ, ಆದರೆ ಮೇಣ ಜಾಸ್ತಿ ಆದರೆ ಮತ್ತೆ ಅದೇ ಕಥೆ. ಗಾಡಿಗೆ ಹಾಕೋ ಎಂಜಿನ್ ಆಯಿಲ್ ಬೇಡವೇ ಬೇಡ, ಕರಿಮದ್ದಿನ ಜೊತೆ ಸೇರಿ ಡಾಂಬರಿನ ಹಾಗೆ ಅಂಟಿಕೊಳ್ಳುತ್ತೆ.

ಸಿಂಧನೂರು ವಕೀಲ

ಎಣ್ಣೆ ವಿಷಯ ಅವರು ಹೇಳಿದರು, ನಾನು ಕಾಗದದ ವಿಷಯ ಹೇಳ್ತೀನಿ, ಯಾಕಂದರೆ ಇದನ್ನು ಯಾರೂ ಮುಂಚೆ ನೋಡೋದಿಲ್ಲ. ನಿಮ್ಮ ಲೈಸೆನ್ಸ್ ಬೆಳೆ ರಕ್ಷಣೆಗೆ ಅಂತ ಇದೆಯಾ? 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮಿನಲ್ಲಿ ಎಂ.ಎಲ್. ಗನ್ ಬರೋದು ಬೆಳೆ ಕಾಯೋದಕ್ಕೆ. ಕ್ಲಬ್ ಸದಸ್ಯರು ಗುರಿ ಅಭ್ಯಾಸ ಮಾಡೋದು ಅಂತ ಅಲ್ಲಿ ಹೇಳಿರೋದು .22 ರೈಫಲ್ ಮತ್ತು ಏರ್ ರೈಫಲ್ ಬಗ್ಗೆ. ಹಾಗಾಗಿ ರೇಂಜಿನವರು ಬಾಯಿಮಾತಲ್ಲಿ ಬಾ ಅಂದರೆ ಸಾಲದು. ಜಿಲ್ಲಾಧಿಕಾರಿ ಕಚೇರಿಗೆ ಹೋಗಿ, ಶಸ್ತ್ರ ಪರವಾನಗಿ ನೋಡೋ ವಿಭಾಗದಲ್ಲಿ ಕೇಳಿ, ಬರವಣಿಗೆಯಲ್ಲಿ ಪಡೀರಿ.

ಇನ್ನೊಂದು. ಹಳೇ ಲೈಸೆನ್ಸಿನಲ್ಲಿ ಬಂದೂಕಿನ ವಿವರ ಏನು ಬರೆದಿದ್ದಾರೆ ನೋಡಿ. ನಮ್ಮ ಕಡೆ ಊರುಗಳಲ್ಲಿ ಇರೋ ಎಂ.ಎಲ್. ಗನ್ನುಗಳು ಹೆಚ್ಚಿನವು ನುಣುಪು ನಳಿಕೆಯವು. ನಿಮ್ಮದರಲ್ಲಿ ನಿಜಕ್ಕೂ ಗೀರು ಇದ್ದು ಕಾಗದದಲ್ಲಿ ಬೇರೆ ಇದ್ದರೆ ಅದನ್ನು ಸರಿ ಮಾಡಿಸಿಕೊಳ್ಳಿ. ಲೈಸೆನ್ಸ್ ಅವಧಿ 2019ರ ತಿದ್ದುಪಡಿ ಆದ ಮೇಲೆ 5 ವರ್ಷ, ಆ ತಾರೀಖೂ ಒಮ್ಮೆ ನೋಡಿಬಿಡಿ.

ಗಂಗಾವತಿ ಭತ್ತದವ

ವಕೀಲ ಸರ್, ಒಳ್ಳೇದು ಹೇಳಿದಿರಿ. ಲೈಸೆನ್ಸಿನಲ್ಲಿ ಬರೀ ಎಂ.ಎಲ್. ಗನ್ ಅಂತಿದೆ. ಸೋಮವಾರ ಕೊಪ್ಪಳಕ್ಕೆ ಹೋಗಿ ವಿಚಾರಿಸುತ್ತೇನೆ, ಕಾಗದ ಕೈಗೆ ಬರೋವರೆಗೂ ರೇಂಜಿಗೆ ಒಯ್ಯೋದಿಲ್ಲ. ಅಷ್ಟರಲ್ಲಿ ಉಳಿದದ್ದು ತಿಳಿದುಕೊಳ್ಳೋಣ ಅಂತ. ಬಿಸಿಲು ಅಣ್ಣಾರೆ, ಔಡಲ ಎಣ್ಣೆ ಮನೆಯಲ್ಲೇ ಇದೆ. ಆದರೆ ಮೊದಲನೇ ಗುಂಡು ಯಾಕೆ ಬೇರೆ ಕಡೆ ಹೋಗುತ್ತೆ? ಆಗ ಮಸಿ ಇರೋದಿಲ್ಲ ಅಲ್ವಾ. ನಳಿಕೆಯಲ್ಲಿ ಮೂರು ಗೀರು ಎಣಿಸಿದೆ, ಸುರುಳಿ ಬಹಳ ನಿಧಾನ.

ರಾಯಚೂರು ಹಳೇ ಕೈ

ಮಸಿ ಇಲ್ಲ, ಆದರೆ ಎಣ್ಣೆ ಇದೆ. ತುಕ್ಕು ಹಿಡಿಯಬಾರದು ಅಂತ ಎಣ್ಣೆ ಹಚ್ಚಿ ಇಟ್ಟಿರ್ತೀರಿ, ಅದೇ ನಳಿಕೆಯಲ್ಲಿ ಹೊಡೆದರೆ ಮೊದಲ ಗುಂಡು ಜಾರಿಕೊಂಡು ಹೋಗುತ್ತೆ. ಜೊತೆಗೆ ಕೇಪಿನ ಬೆಂಕಿ ಹೋಗೋ ತೂತಿನಲ್ಲಿ ಎಣ್ಣೆ ಇಳಿದಿದ್ದರೆ ಮದ್ದು ತಡವಾಗಿ ಹತ್ತುತ್ತೆ. ರೇಂಜಿಗೆ ಹೋದ ಕೂಡಲೇ ಒಣ ಬಟ್ಟೆ ಎರಡು ಸಲ ಎಳೀರಿ, ಆಮೇಲೆ ಮದ್ದು ಗುಂಡು ಏನೂ ಹಾಕದೆ ಬರೀ ಕೇಪು ಒಂದೆರಡು ಹೊಡೀರಿ. ಬಾಯಿ ಗುರಿ ಕಡೆಗೇ ಇರಲಿ, ಅದೇ ದಿಕ್ಕಿನಲ್ಲಿ ಹತ್ತಿರದ ನೆಲದ ಮೇಲೆ ಒಂದು ಒಣ ಎಲೆ ಇಟ್ಟು ಅದರ ಕಡೆ ತಿರುಗಿಸಿ ಹೊಡೆದರೆ ಎಲೆ ಅಲುಗುತ್ತೆ. ಅಲುಗಿದರೆ ದಾರಿ ತೆರೆದಿದೆ ಅಂತ ಅರ್ಥ. ಆಮೇಲೆ ಒಂದು ಗುಂಡು ಸುಮ್ನೆ ದಿಬ್ಬಕ್ಕೆ ಹೊಡೆದು ನಳಿಕೆ ಹದ ಮಾಡಿಕೊಳ್ಳಿ. ಅದನ್ನು ಲೆಕ್ಕಕ್ಕೆ ಹಿಡೀಬೇಡಿ.

ಆಮೇಲೆ ಪ್ರತಿ ಗುಂಡಿಗೂ ಒಂದೇ ಕ್ರಮ. ಹೊಡೆದ ಮೇಲೆ ಸ್ವಲ್ಪ ಕಾಯಬೇಕು, ನೀರಲ್ಲಿ ನೆನೆಸಿ ಹಿಂಡಿದ ಬಟ್ಟೆ ಒಂದು ಸಲ ಇಳಿಸಿ ಎಳೀಬೇಕು, ಆಮೇಲೆ ಒಣ ಬಟ್ಟೆ ಒಂದು. ಒದ್ದೆ ಬಟ್ಟೆಯಿಂದ ನೀರು ತೊಟ್ಟಿಕ್ಕಬಾರದು, ಉಸಿರು ಬಿಟ್ಟರೆ ಕನ್ನಡಿ ಮಬ್ಬಾಗುತ್ತಲ್ಲ, ಅಷ್ಟು ತೇವ ಸಾಕು. ಇದು ಗುರಿಗೂ ಒಳ್ಳೇದು, ಜೀವಕ್ಕೂ ಒಳ್ಳೇದು. ನಳಿಕೆಯಲ್ಲಿ ಕಿಡಿ ಉಳಿದಿದ್ದು ಮೇಲಿಂದ ಮದ್ದು ಸುರಿದರೆ ಕೈ ಹೋಗುತ್ತೆ. ಅದಕ್ಕೇ ಮದ್ದಿನ ಡಬ್ಬಿಯಿಂದ ನೇರವಾಗಿ ನಳಿಕೆಗೆ ಸುರಿಯಲೇಬಾರದು, ಒಂದೊಂದು ಗುಂಡಿಗೆ ಒಂದೊಂದು ಅಳತೆ ಬೇರೆ ಸಣ್ಣ ಶೀಶೆಯಲ್ಲಿ ತುಂಬಿಟ್ಟುಕೊಳ್ಳಿ. ಗುಂಡು ಮದ್ದಿಗೆ ತಾಗಿಕೊಂಡೇ ಕೂರಬೇಕು, ನಡುವೆ ಜಾಗ ಉಳಿದರೆ ನಳಿಕೆ ಸೀಳಬಹುದು. ಸರಳಿನ ಮೇಲೆ ಒಂದು ಗೆರೆ ಮಾಡಿಟ್ಟುಕೊಳ್ಳಿ, ಪ್ರತಿ ಸಲವೂ ಆ ಗೆರೆ ಬಾಯಿ ಮಟ್ಟಕ್ಕೆ ಬರಬೇಕು. ನೀವು ಎರಡೂ ಕೈಯಲ್ಲಿ ಒತ್ತುತ್ತೇನೆ ಅಂದಿರಲ್ಲ, ಅದು ಓದಿ ನನಗೆ ಭಯ ಆಯ್ತು. ಅರ್ಧಕ್ಕೆ ಸಿಕ್ಕಿಕೊಂಡ ಗುಂಡನ್ನು ಹೊಡೆದು ತೆಗೆಯೋ ಯೋಚನೆ ಮಾಡಬೇಡಿ, ರೇಂಜಿನ ಮೇಲ್ವಿಚಾರಕರನ್ನು ಕರೀರಿ.

ಕೇಪು ಹೊಡೆದೂ ಮದ್ದು ಹತ್ತದಿದ್ದರೆ ಬಾಯಿ ಗುರಿ ಕಡೆಗೇ ಇಟ್ಟು ಕಡಿಮೆ ಅಂದರೂ ಒಂದು ನಿಮಿಷ ಕಾಯಿರಿ. ಚಳಿಗೆ ಇದು ಜಾಸ್ತಿ ಆಗುತ್ತೆ, ಇಬ್ಬನಿ, ಒದ್ದೆ ಕೈ, ಎಲ್ಲ ಸೇರಿ ಎಲ್ಲೋ ತೇವ ಹೋಗಿರುತ್ತೆ.

ಮದ್ದು ಎಲ್ಲಿಂದ ತರ್ತೀರಿ ಅಂತ ನೀವು ಬರೆದಿಲ್ಲ. ಪರವಾನಗಿ ಇರೋ ಅಂಗಡಿಯಿಂದ ಮಾತ್ರ. ನಮ್ಮ ಮೂರೂ ಜಿಲ್ಲೆಯಲ್ಲಿ ಕಲ್ಲು ಕ್ವಾರಿ ಬೇಕಾದಷ್ಟಿವೆ, ಅಲ್ಲಿಂದ ಒಂದು ಮುಷ್ಟಿ ಕೊಡಿಸ್ತೀನಿ ಅನ್ನೋರೂ ಸಿಗ್ತಾರೆ. ಬಂಡೆ ಒಡೆಯೋ ಮದ್ದು, ಪಟಾಕಿ ಮದ್ದು, ತೋಟೆ (ಕಾರ್ಟ್ರಿಜ್) ಬಿಚ್ಚಿ ತೆಗೆದ ಹೊಗೆರಹಿತ ಮದ್ದು, ಯಾವುದನ್ನೂ ಈ ನಳಿಕೆಗೆ ಹಾಕಬಾರದು. ಅದರ ಒತ್ತಡಕ್ಕೆ ನಿಮ್ಮ ಅಜ್ಜನ ನಳಿಕೆ ಮಾಡಿದ್ದಲ್ಲ. ಹೊಡೆಯೋ ಮೊದಲು ಬಂದೂಕಿನ ಕೆಲಸ ಗೊತ್ತಿರೋ ಪರವಾನಗಿದಾರರಿಗೆ ಒಮ್ಮೆ ತೋರಿಸಿ.

ಕೊಪ್ಪಳ ಕೋಟೆ

ಮೂರು ಗೀರು, ನಿಧಾನ ಸುರುಳಿ ಅಂದದ್ದಕ್ಕೆ ಬರೆಯುತ್ತಿದ್ದೇನೆ. 1853ರ ಮಾದರಿಯ ಎನ್‌ಫೀಲ್ಡ್ ರೈಫಲ್ಲಿಗೆ ಮೂರು ಗೀರು, ಗುಂಡು 78 ಇಂಚಿಗೆ ಒಂದು ಸುತ್ತು ತಿರುಗುತ್ತೆ, ಬಾಯಿಯ ಅಳತೆ .577 ಇಂಚು. ನಿಮ್ಮದು ಅದೇ ಅಂತ ಫೋಟೋ ಇಲ್ಲದೆ ಹೇಳೋದಿಲ್ಲ, ಆದರೆ ಬೀಗದ (ಕೇಪು ಹೊಡೆಯೋ ಯಂತ್ರದ ಪಕ್ಕದ ತಗಡು) ಮೇಲೆ ಕಿರೀಟದ ಗುರುತು, ಇಸವಿ ಏನಾದರೂ ಇದೆಯಾ ನೋಡಿ. 1857ರ ದಂಗೆ ಎದ್ದದ್ದು ಇದೇ ಬಂದೂಕಿನ ತೋಟೆಗೆ ಹಚ್ಚಿದ ಕೊಬ್ಬಿನ ಸುದ್ದಿಯಿಂದ. ಆ ಜಿಡ್ಡನ್ನು ಹಚ್ಚುತ್ತಿದ್ದದ್ದೂ ಗುಂಡು ಸಲೀಸಾಗಿ ಇಳಿಯಲಿ, ಮಸಿ ಗಟ್ಟಿಯಾಗದಿರಲಿ ಅಂತಲೇ, ಅಂದರೆ ನೀವು ಕೇಳಿದ ಪ್ರಶ್ನೆಯೇ. ದಂಗೆ ಅಡಗಿದ ಮೇಲೆ ಬ್ರಿಟಿಷರು ನಮ್ಮ ಸಿಪಾಯಿಗಳಿಗೆ ನುಣುಪು ನಳಿಕೆಯ ಬಂದೂಕು ಕೊಟ್ಟರು, ಗುರಿ ದೂರ ಹೋಗಬಾರದು ಅಂತ. ನಮ್ಮ ಕೊಪ್ಪಳ ಕೋಟೆಯಲ್ಲಿ 1858ರಲ್ಲಿ ಮುಂಡರಗಿ ಭೀಮರಾಯರು ಹೋರಾಡಿ ಸತ್ತದ್ದೂ ಅದೇ ಹೊತ್ತಿನಲ್ಲಿ.

ಗುರಿ ಆಟದ ಮಟ್ಟಿಗೆ ಹೇಳೋದಾದರೆ ಈ ಬಂದೂಕುಗಳಿಗೆ 1971ರಿಂದ ಎಂ.ಎಲ್.ಎ.ಐ.ಸಿ. ಅನ್ನೋ ಅಂತಾರಾಷ್ಟ್ರೀಯ ಸಂಸ್ಥೆ ಇದೆ. ಅವರ ಸ್ಪರ್ಧೆಯಲ್ಲಿ 30 ನಿಮಿಷಕ್ಕೆ 13 ಗುಂಡು, ಅದರಲ್ಲಿ ಒಳ್ಳೆಯ 10 ಮಾತ್ರ ಲೆಕ್ಕ. ಒರೆಸೋಕೂ ಸೇರಿ ಅಷ್ಟೇ ಹೊತ್ತು. ಕಾಗದ ಬಂದ ಮೇಲೆ ನೀವೂ ಹಾಗೇ ಹೊಡೆದು ನೋಡಿ, ಅವಸರ ಎಲ್ಲಿ ಆಗ್ತಿದೆ ಗೊತ್ತಾಗುತ್ತೆ.

ಬಳ್ಳಾರಿ ಬಿಸಿಲು

ಒಂದು ಮಾತು ಬಿಟ್ಟುಹೋಗಿತ್ತು. ಚಳಿಗೆ ಸ್ವೆಟರ್ ಮೇಲೆ ಜಾಕೆಟ್ ಹಾಕಿಕೊಂಡು ಹೊಡೆಯುತ್ತಿದ್ದೀರಾ? ಹೆಗಲಿಗೂ ಹಿಡಿಗೂ ನಡುವೆ ಅಷ್ಟು ದಪ್ಪ ಬಟ್ಟೆ ಬಂದರೆ ಕೆನ್ನೆ ಕೂರೋ ಜಾಗ ಬದಲಾಗುತ್ತೆ, ಕಣ್ಣು ನೋಟದ ಸಾಲಿನಲ್ಲಿ ಇರೋದಿಲ್ಲ. ಮಫ್ಲರ್ ತುದಿ ಕುದುರೆಗೆ (ಕೇಪಿನ ಮೇಲೆ ಬಡಿಯೋ ಸುತ್ತಿಗೆ) ಸಿಗದ ಹಾಗೆ ಒಳಗೆ ಸೇರಿಸಿ. ಬೆಳಗ್ಗೆ ಬಿಸಿಲು ಓರೆಯಾಗಿ ಒಂದೇ ಪಕ್ಕದಿಂದ ಬೀಳುತ್ತೆ, ಮುಂದಿನ ಮಕ್ಕಿಯ (ನಳಿಕೆ ತುದಿಯಲ್ಲಿ ಗುರಿ ನೋಡೋ ಗುಬ್ಬಿ) ಹೊಳೆಯೋ ಪಕ್ಕ ದಪ್ಪಗೆ ಕಂಡು ಗುಂಡು ಇನ್ನೊಂದು ಪಕ್ಕಕ್ಕೆ ಸರಿಯುತ್ತೆ. ಮೇಣದಬತ್ತಿಯ ಮಸಿ ಹಿಡಿಸಿ ಅದನ್ನು ಕಪ್ಪು ಮಾಡಿಕೊಳ್ಳಿ, ಈ ಕೆಲಸ ಮಾತ್ರ ಮನೆಯಲ್ಲೇ, ಮದ್ದಿನಿಂದ ದೂರ, ಖಾಲಿ ಬಂದೂಕಿಗೆ. ಗಾಳಿ ಆಡದ ದಿನ ಹೊಗೆ ಮುಂದೆಯೇ ನಿಲ್ಲುತ್ತೆ, ಅದು ಸರಿಯೋವರೆಗೂ ಒರೆಸೋ ಕೆಲಸ ಮುಗಿಸಿ.

ಮನೆಗೆ ಬಂದ ದಿನವೇ ಬಿಸಿನೀರು ಸೋಪು ಹಾಕಿ ತೊಳೀರಿ, ನಾಳೆ ಅಂತ ಬಿಡಬೇಡಿ. ಆ ಮಸಿ ಗಾಳಿಯ ತೇವ ಹೀರುತ್ತೆ, ನಿಮ್ಮದು ಕಾಲುವೆ ನೀರಿನ ಊರು, ಬೆಳಗಾಗೋಷ್ಟರಲ್ಲಿ ತುಕ್ಕು ಶುರುವಾಗಿರುತ್ತೆ.