ಕನ್ನಡ ಸಹಾಯ ಪುಟದಲ್ಲಿ ಒಂದೇ ಪದ ತಿದ್ದಬೇಕು, ಹೊಸಬರಿಗೆ ದಾರಿ ಹೇಗೆ?

ಶಾಲೆಮೇಷ್ಟ್ರು:
ನಮಸ್ಕಾರ. ನಾವು ನಾಲ್ಕೈದು ಜನ ಸೇರಿ ಒಂದು ಮುಕ್ತ ತಂತ್ರಾಂಶದ ಸಹಾಯ ಪುಟಗಳನ್ನು ಕನ್ನಡಕ್ಕೆ ತರುತ್ತಿದ್ದೇವೆ. ಪುಟಗಳಿರುವುದು ವಿಕಿಪೀಡಿಯ ನಡೆಯುವ ತಂತ್ರಾಂಶವಾದ ಮೀಡಿಯಾವಿಕಿಯಲ್ಲಿ, ಅನುವಾದ ಮಾಡುವುದು ಪುಟವನ್ನು ಸಣ್ಣ ತುಣುಕುಗಳಾಗಿ ಒಡೆದು ಕೊಡುವ ಟ್ರಾನ್ಸ್‌ಲೇಟ್ ಎಕ್ಸ್‌ಟೆನ್ಷನ್ ಮೂಲಕ.

ಕಳೆದ ಶನಿವಾರ ನಮ್ಮ ಹತ್ತನೇ ತರಗತಿಯ ಹುಡುಗಿಯೊಬ್ಬಳು ತಪ್ಪು ಹಿಡಿದಳು. ಸಹಾಯ ಪುಟದಲ್ಲಿ ‘ಉಳಿಸಿ ಗುಂಡಿ ಒತ್ತಿ’ ಎಂದಿದೆ. ಪರದೆ ಮೇಲಿನ ಗುಂಡಿಯಲ್ಲಿ ‘ಪ್ರಕಟಿಸಿ’ ಎಂದಿದೆ. “ಸಾರ್, ಉಳಿಸಿ ಎಲ್ಲೂ ಇಲ್ವಲ್ಲ” ಅಂದಳು. ನೀನೇ ತಿದ್ದಮ್ಮ ಅಂದೆ.

ಕನ್ನಡ ಪುಟದಲ್ಲಿ ‘ಅನುವಾದಿಸಿ’ ಒತ್ತಿದರೆ 40 ತುಣುಕುಗಳ ಪಟ್ಟಿ ಬಂತು. ತನ್ನ ಸಾಲು ಯಾವುದು ಅಂತ ಗೊತ್ತಾಗದೆ ಇಂಗ್ಲಿಷ್ ಪುಟಕ್ಕೆ ಹೋಗಿ ಸಂಪಾದನೆ ತೆರೆದಳು. ಅಲ್ಲಿ ಪ್ಯಾರಾಕ್ಕೊಂದು ಟಿ:12, ಟಿ:13 ಎಂಬ ಗುರುತು. ಏನಾದರೂ ಹಾಳಾದೀತು ಎಂದು ಹೆದರಿ ಮುಚ್ಚಿಬಿಟ್ಟಳು. ಒಂದು ಪದಕ್ಕೆ 20 ನಿಮಿಷ ಹೋಯಿತು, ಪದ ಹಾಗೇ ಉಳಿಯಿತು. ಬೇಜಾರಾಯಿತು. ಇಂಥವರೇ ಅಲ್ವಾ ನಮಗೆ ಬೇಕಾದವರು?

ತೋಟದಮನೆ:
ಮೇಷ್ಟ್ರೇ, ಆ ಗುರುತು ಮುಟ್ಟದೆ ಬಂದಳಲ್ಲ, ಒಳ್ಳೆಯದಾಯಿತು. ತುಣುಕನ್ನೂ ಅದರ ಅನುವಾದವನ್ನೂ ಹಿಡಿದಿಡುವುದು ಅದೇ. ಅದನ್ನು ಅಳಿಸಿ ಪುಟವನ್ನು ಮತ್ತೆ ಅನುವಾದಕ್ಕೆ ಬಿಟ್ಟರೆ ಆ ತುಣುಕು ಹೊಸದಾಗಿಬಿಡುತ್ತದೆ, ಎಲ್ಲ ಭಾಷೆಗಳಲ್ಲೂ.

ಪಟ್ಟಿಯ ಮೇಲೆ ಸೋಸುವ ಪೆಟ್ಟಿಗೆ ಇದೆ. ಅದರಲ್ಲಿ ಪದ ಹಾಕಿದರೆ ಅದಿರುವ ತುಣುಕು ಮಾತ್ರ ಉಳಿಯುತ್ತದೆ. ಇನ್ನೂ ಸುಲಭ ಬೇಕೆಂದರೆ, ಪ್ರತಿ ತುಣುಕಿಗೂ ಬೇರೆ ವಿಳಾಸವೇ ಇದೆ: ಮೊದಲು ಟ್ರಾನ್ಸ್‌ಲೇಷನ್ಸ್, ಆಮೇಲೆ ಪುಟದ ಹೆಸರು, ತುಣುಕಿನ ಸಂಖ್ಯೆ, ಕೊನೆಗೆ ಕನ್ನಡದ ಸಂಕೇತ ಕೆಎನ್. ಹೊಸಬರಿಗೆ ಆ ಕೊಂಡಿಯನ್ನೇ ಕಳಿಸಿ. ಇಡೀ ಪುಟದ ಗೋಜೇ ಇರುವುದಿಲ್ಲ.

ಪದಜೋಡಣೆ:
ಜೊತೆಗೆ ಒಂದು ಮಾತು. ಹೊಸಬರು ಜಾಸ್ತಿ ಎಡವುವುದು $1 ಬಂದ ಕಡೆ, ಅಂದರೆ ಆಮೇಲೆ ಬೇರೆ ಪದ ಬಂದು ಕೂರುವ ಜಾಗದ ಗುರುತು ಇರುವಲ್ಲಿ. ‘$1ನಲ್ಲಿ’ ಎಂದು ಬರೆಯುತ್ತಾರೆ. $1 ಜಾಗಕ್ಕೆ ‘ಆಯ್ಕೆಗಳು’ ಬಂದು ಕೂತರೆ ‘ಆಯ್ಕೆಗಳುನಲ್ಲಿ’ ಆಗುತ್ತದೆ. ‘$1 ಪುಟದಲ್ಲಿ’ ಎಂದು ಬರೆಸಿ. ವಿಭಕ್ತಿಯ ಭಾರವನ್ನು ‘ಪುಟ’ ಹೊರುತ್ತದೆ, ಹೆಸರು ಯಾವುದಾದರೂ ಬರಲಿ.

ಇನ್ನೊಂದು, ಗುಂಡಿಯ ಹೆಸರಿರುವ ತುಣುಕಿಗೆ ಒಂದು ಟಿಪ್ಪಣಿ ಹಾಕಿಡಿ. ತುಣುಕಿನ ವಿಳಾಸದಲ್ಲಿ ಕೆಎನ್ ಬದಲು, ಟಿಪ್ಪಣಿಗೆಂದೇ ಇರುವ ಕ್ಯೂಕ್ಯೂಕ್ಯೂ ಎಂಬ ಸಂಕೇತ ಕೊಟ್ಟು ‘ಪರದೆ ಮೇಲಿರುವ ಪದವನ್ನೇ ಬಳಸಿ’ ಎಂದು ಇಂಗ್ಲಿಷಿನಲ್ಲಿ ಬರೆದರೆ ತಮಿಳಿನವರಿಗೂ ತೆಲುಗಿನವರಿಗೂ ತುಣುಕಿನ ಪಕ್ಕದಲ್ಲೇ ಕಾಣುತ್ತದೆ.

ಶಾಲೆಮೇಷ್ಟ್ರು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಸಂಜೆ ತುಣುಕಿನ ಕೊಂಡಿ ಕಳಿಸಿದೆ. ಅಮ್ಮನ ಫೋನಿನಲ್ಲೇ ತಿದ್ದಿದ್ದಾಳೆ. ಈಗ ಪುಟದಲ್ಲಿ ‘ಪ್ರಕಟಿಸಿ’ ಎಂದೇ ಇದೆ.

ಆಮೇಲೆ ಅವಳೇ ಫೋನ್ ಮಾಡಿ, ಕೆಳಗಿನ ಪ್ಯಾರಾದ ಹಿಂದೆ ಯಾಕೆ ಗುಲಾಬಿ ಬಣ್ಣ ಅಂತ ಕೇಳಿದಳು. ಇಂಗ್ಲಿಷ್ ಮೂಲ ಬದಲಾಗಿದೆ, ನಮ್ಮದು ಹಳತಾಗಿದೆ ಅಂದೆ. ಆ ಪುಟದಲ್ಲಿ ಅಂಥವು ಇನ್ನೂ ಮೂರಿವೆಯಂತೆ, ಎಣಿಸಿಟ್ಟಿದ್ದಾಳೆ. ಮೂರರ ಕೊಂಡಿಯನ್ನೂ ಈಗ ತೆಗೆದಿಡುತ್ತಿದ್ದೇನೆ.