ಅಟ್ರೋಪಿನ್: 3 ಮಿ.ಗ್ರಾಂ ಮಿತಿ ಎಂದು ಓದಿದೆ, ವಾರ್ಡಿನಲ್ಲಿ 45 ಆಂಪೂಲ್ ಎಣಿಸಿದೆ

ಪ್ರಶ್ನೆ: ತುರ್ತು ವೈದ್ಯಕೀಯ ವಿದ್ಯಾರ್ಥಿ, ಮಂಡ್ಯ

ಹಿರಿಯರಿಗೆ ನಮಸ್ಕಾರ. ಹೃದಯ ಬಡಿತ ತೀರಾ ನಿಧಾನವಾದಾಗ ಅಟ್ರೋಪಿನ್ 1 ಮಿ.ಗ್ರಾಂ ಕೊಟ್ಟು, ಬೇಕಾದರೆ 3ರಿಂದ 5 ನಿಮಿಷಕ್ಕೊಮ್ಮೆ ಮತ್ತೆ ಕೊಡಬಹುದು, ಒಟ್ಟು 3 ಮಿ.ಗ್ರಾಂ ಮೀರಬಾರದು ಎಂದು ತರಗತಿಯಲ್ಲಿ ಬರೆದುಕೊಂಡಿದ್ದೇನೆ. ಕಳೆದ ವಾರ ರಾತ್ರಿ ಪಾಳಿಯಲ್ಲಿ ಪಾಂಡವಪುರದ ಕಡೆಯಿಂದ ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕದ ವಿಷವೇರಿದ್ದ ರೈತರೊಬ್ಬರನ್ನು ಕರೆತಂದರು. ಸಿಸ್ಟರ್ ಅಟ್ರೋಪಿನ್ ಆಂಪೂಲ್‌ಗಳ (ಪುಟ್ಟ ಗಾಜಿನ ಶೀಶೆಗಳ) ಕತ್ತು ಮುರಿಯುತ್ತಲೇ ಇದ್ದರು. ಹದಿನೈದು ನಿಮಿಷದ ನಂತರ ಟ್ರೇಯಲ್ಲಿದ್ದ ಖಾಲಿ ಆಂಪೂಲ್‌ಗಳನ್ನು ಎಣಿಸಿದರೆ 45 ಇದ್ದವು. ಒಂದಕ್ಕೆ 0.6 ಮಿ.ಗ್ರಾಂನಂತೆ 27 ಮಿ.ಗ್ರಾಂ ಆಯಿತು. ಔಷಧಿ ಒಂದೇ ಆಗಿರುವಾಗ ಇಷ್ಟು ಅಂತರ ಏಕೆ?

ಉತ್ತರ: ತುರ್ತು ಚಿಕಿತ್ಸಾ ವೈದ್ಯರು, ಮೈಸೂರು

ನಿಮ್ಮ ಲೆಕ್ಕ ಸರಿಯಾಗಿದೆ. ಮೊದಲು 3 ಆಂಪೂಲ್ ಕೊಟ್ಟು, ಐದೈದು ನಿಮಿಷಕ್ಕೆ ಇಮ್ಮಡಿಗೊಳಿಸುತ್ತ 6, 12, 24 ಎಂದು ಹೋದರೆ 45 ಆಗುತ್ತದೆ.

ಅಟ್ರೋಪಿನ್ ವಿಷವನ್ನು ನಾಶಮಾಡುವುದಿಲ್ಲ. ಹೃದಯ, ಶ್ವಾಸನಾಳ, ಗ್ರಂಥಿಗಳಲ್ಲಿರುವ ಮಸ್ಕರಿನಿಕ್ ಗ್ರಾಹಿಗಳಲ್ಲಿ, ನರಗಳ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಕೂರಬೇಕಾದ ಜಾಗವನ್ನು ತಾನು ಹಿಡಿದುಕೊಳ್ಳುತ್ತದೆ, ಸಂತೆಯ ದಿನ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವ ಹಾಗೆ. ಜನ ಕಡಿಮೆಯಿದ್ದಾಗ ಒಂದೆರಡು ಟವೆಲ್ ಸಾಕು, ನೂಕುನುಗ್ಗಲಿದ್ದರೆ ಸಾಲದು. ವಯಸ್ಕರಲ್ಲಿ ಹೃದಯದ ಮೇಲೆ, ಬಡಿತವನ್ನು ನಿಧಾನಗೊಳಿಸುವ ವೇಗಸ್ ನರಕ್ಕಿರುವ ಹಿಡಿತವನ್ನು ಸುಮಾರು 3 ಮಿ.ಗ್ರಾಂ ಪೂರ್ತಿ ತಪ್ಪಿಸುತ್ತದೆ. ಅದಕ್ಕಿಂತ ಹೆಚ್ಚು ಕೊಟ್ಟು ಪ್ರಯೋಜನವಿಲ್ಲವೆಂದೇ ಅಲ್ಲಿ ಆ ಮಿತಿ. ಕ್ಲೋರ್‌ಪೈರಿಫಾಸ್‌ನಂಥ ಆರ್ಗನೋಫಾಸ್ಫೇಟ್ ವಿಷದಲ್ಲಾದರೋ ಅಸಿಟೈಲ್‌ಕೋಲಿನನ್ನು ಒಡೆಯುವ ಕಿಣ್ವವೇ ಕಟ್ಟಿಬಿದ್ದಿರುವುದರಿಂದ ಅದು ಕ್ಷಣಕ್ಷಣಕ್ಕೂ ಶೇಖರವಾಗುತ್ತದೆ, ಸ್ಪರ್ಧೆಯೂ ಏರುತ್ತದೆ. ಆದ್ದರಿಂದ ಇಲ್ಲಿ ಪ್ರಮಾಣವನ್ನು ನಿರ್ಧರಿಸುವುದು ಪುಸ್ತಕದ ಅಂಕಿಯಲ್ಲ, ರೋಗಿಯ ಎದೆಯ ಸದ್ದು.

ಉತ್ತರ: ಶುಶ್ರೂಷಾಧಿಕಾರಿ, ಮಂಡ್ಯ ಜಿಲ್ಲೆ

ಡಾಕ್ಟರರ ಕೊನೆಯ ಮಾತಿಗೆ ನನ್ನದೊಂದು ಸೇರ್ಪಡೆ. ಹೊಸಬರು ಟಾರ್ಚ್ ಹಿಡಿದು ಪಾಪೆ ಹಿಗ್ಗಿತೇ ಎಂದು ಮಾತ್ರ ನೋಡುತ್ತಾರೆ. ಅದು ತಡವಾಗಿ ಬದಲಾಗಬಹುದು. ಶ್ವಾಸಕೋಶದ ಗೊರಗೊರ ನಿಂತಿದೆಯೇ, ಕಂಕುಳು ಒಣಗಿದೆಯೇ, ನಾಡಿ 80 ದಾಟಿದೆಯೇ, ಮೇಲಿನ ರಕ್ತದೊತ್ತಡ 80ಕ್ಕಿಂತ ಹೆಚ್ಚಿದೆಯೇ ಎಂಬುದನ್ನು ಐದು ನಿಮಿಷಕ್ಕೊಮ್ಮೆ ಹಾಳೆಯಲ್ಲಿ ಬರೆಯಿರಿ. ನಾಡಿ ಮೊದಲೇ 120 ಇದ್ದು ಎದೆ ಇನ್ನೂ ಒದ್ದೆಯಾಗಿದ್ದರೆ, ನಾಡಿಯ ಭಯಕ್ಕೆ ಅಟ್ರೋಪಿನ್ ನಿಲ್ಲಿಸುವುದು ತಪ್ಪು.

ಇನ್ನೊಂದು ಮಾತು: ನಮ್ಮ ಕಡೆ ಮಾತ್ರೆಯೂ ಔಷಧಿ, ಗದ್ದೆಗೆ ಹೊಡೆಯುವುದೂ ಔಷಧಿ. ಸಂಬಂಧಿಕರು "ಔಷಧಿ ತಗೊಂಡವ್ರೆ" ಎಂದಾಗ ಯಾವುದೆಂದು ಬಿಡಿಸಿ ಕೇಳಿ, ಡಬ್ಬವನ್ನೇ ತರಿಸಿ. ಗ್ಲೌಸ್ ಹಾಕಿಕೊಂಡು ಬಟ್ಟೆ ತೆಗೆದು, ಮೈಯನ್ನು ಸೋಪು ನೀರಿನಿಂದ ತೊಳೆಯಿರಿ. ಇಲ್ಲವಾದರೆ ಚರ್ಮದ ಮೂಲಕ ವಿಷ ಒಳಹೋಗುತ್ತಲೇ ಇರುತ್ತದೆ.

ಮರುಪ್ರಶ್ನೆ: ವಿದ್ಯಾರ್ಥಿ

ಧನ್ಯವಾದಗಳು. ಎದೆ ತಿಳಿಯಾದ ಮೇಲೂ ಅವರ ತೊಡೆಯ ಸ್ನಾಯುಗಳು ಚರ್ಮದಡಿ ಮಿಡುಕುತ್ತಲೇ ಇದ್ದವು. ಅಟ್ರೋಪಿನ್ ಇನ್ನೂ ಬೇಕಿತ್ತೇ?

ಉತ್ತರ: ತುರ್ತು ಚಿಕಿತ್ಸಾ ವೈದ್ಯರು, ಮೈಸೂರು

ಬೇಕಿರಲಿಲ್ಲ. ಸ್ನಾಯುಗಳಲ್ಲಿರುವುದು ನಿಕೋಟಿನಿಕ್ ಗ್ರಾಹಿಗಳು, ಅಟ್ರೋಪಿನ್ ಅವುಗಳ ತಂಟೆಗೆ ಹೋಗುವುದಿಲ್ಲ. ಉಸಿರಾಟದ ಸ್ನಾಯುಗಳೂ ಸೋಲಬಹುದಾದ್ದರಿಂದ, ಎದೆ ಒಣಗಿದೆಯೆಂದು ನಿಶ್ಚಿಂತರಾಗದೆ ಉಸಿರಿನ ಬಲವನ್ನು ಗಮನಿಸುತ್ತಿರಬೇಕು. ಕಿಣ್ವವನ್ನು ವಿಷದಿಂದ ಬಿಡಿಸಲು ಪ್ರಾಲಿಡಾಕ್ಸಿಮ್ ಕೊಡುತ್ತೇವೆ, ಆದರೆ ಅದರ ಪ್ರಯೋಜನದ ಬಗ್ಗೆ ಅಧ್ಯಯನಗಳಲ್ಲಿ ಒಮ್ಮತವಿಲ್ಲ. ಕಟ್ಟಿಬಿದ್ದ ಕಿಣ್ವ ಬಿಡಿಸಲಾಗದಷ್ಟು ಬಿಗಿಯಾಗುವ ಅರ್ಧಾವಧಿ (ಅರ್ಧದಷ್ಟು ಕಿಣ್ವ ಹಾಗಾಗಲು ಹಿಡಿಯುವ ಸಮಯ) ಡೈಮೀಥೈಲ್ ಗುಂಪಿನ ವಿಷಗಳಲ್ಲಿ ಸುಮಾರು 3.7 ಗಂಟೆ, ಕ್ಲೋರ್‌ಪೈರಿಫಾಸ್ ಸೇರಿರುವ ಡೈಈಥೈಲ್ ಗುಂಪಿನಲ್ಲಿ ಸುಮಾರು 33 ಗಂಟೆ. ಸಿಸ್ಟರ್ ಡಬ್ಬ ತರಿಸಿ ಎಂದದ್ದು ಇದಕ್ಕೂ ಉಪಯೋಗಕ್ಕೆ ಬರುತ್ತದೆ.

ಎದೆ ತಿಳಿಯಾದ ನಂತರ, ಅಲ್ಲಿಯವರೆಗೆ ಕೊಟ್ಟ ಒಟ್ಟು ಅಟ್ರೋಪಿನ್‌ನ ಶೇ. 10ರಿಂದ 20ರಷ್ಟನ್ನು ಗಂಟೆಗೆ ಹನಿಹನಿಯಾಗಿ ಬಿಡುತ್ತಾರೆ. ನಿಮ್ಮ ರೋಗಿಗಾದರೆ 2.7ರಿಂದ 5.4 ಮಿ.ಗ್ರಾಂ. ಜ್ವರ ಬಂದು, ಬಡಬಡಿಸತೊಡಗಿ, ಕರುಳಿನ ಸದ್ದೂ ಅಡಗಿದರೆ ಹೆಚ್ಚಾಯಿತೆಂದು ತಿಳಿದು ಕೂಡಲೇ ಡ್ಯೂಟಿ ಡಾಕ್ಟರಿಗೆ ಹೇಳಿ.